ಮೊದಲ ಪಾಲಿಶರ್ ಕೊಳ್ಳುವವರಿಗೆ: ವ್ಯಾಟ್ ಆಮೇಲೆ, ಥ್ರೋ ಮತ್ತು ಪ್ಲೇಟ್ ಮೊದಲು

ಪ್ರಶ್ನೆ: ನನ್ನದು ಐದು ವರ್ಷದ ಕಪ್ಪು ಕಾರು. ನೆರಳಲ್ಲಿ ಚೆನ್ನಾಗೇ ಕಾಣುತ್ತದೆ. ಬಿಸಿಲಿಗೆ ಬಂದರೆ ಬಾನೆಟ್ ತುಂಬಾ ಸುತ್ತು ಸುತ್ತಾದ ಸಣ್ಣ ಗೀರುಗಳು. ಕೈಯಲ್ಲಿ ಪಾಲಿಶ್ ಹಾಕಿ ಉಜ್ಜಿದೆ, ಹೋಗಲಿಲ್ಲ. ಒಂದು ಮೆಷಿನ್ ಕೊಳ್ಳೋಣ ಅಂತಿದ್ದೇನೆ. ರೋಟರಿ ತಗೊಳ್ಳಿ, ಬೇಗ ಕೆಲಸ ಆಗುತ್ತೆ ಅಂತ ಒಬ್ಬರು. ಡ್ಯುಯಲ್ ಆಕ್ಷನ್ ಬಿಟ್ಟು ಬೇರೆ ಮುಟ್ಟಲೇಬೇಡಿ ಅಂತ ಇನ್ನೊಬ್ಬರು. 8, 15, 21 ಎಂಎಂ ಅಂತಾರಲ್ಲ, ಅದೇನು? ಎಷ್ಟು ವ್ಯಾಟ್ ಬೇಕು? ಮನೆಯಲ್ಲಿರುವ ಡ್ರಿಲ್ಲಿಗೋ ಗ್ರೈಂಡರಿಗೋ ಪ್ಯಾಡ್ ಸಿಕ್ಕಿಸಿದರೆ ಆಗಲ್ವಾ?

ಉತ್ತರ: ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. 12 ಅಥವಾ 15 ಎಂಎಂ ಥ್ರೋ (ಪ್ಯಾಡ್ ಓಡುವ ಸಣ್ಣ ಸುತ್ತಿನ ಅಗಲ) ಇರುವ, 5 ಇಂಚಿನ ಬ್ಯಾಕಿಂಗ್ ಪ್ಲೇಟ್ (ಪ್ಯಾಡನ್ನು ಹಿಡಿದಿಡುವ ತಟ್ಟೆ) ಹಾಕುವ ಡ್ಯುಯಲ್ ಆಕ್ಷನ್ ಪಾಲಿಶರ್ ಕೊಳ್ಳಿ. ರೋಟರಿ ಬೇಡ. 21 ಎಂಎಂ ಕೂಡ ಬೇಡ. ಗ್ರೈಂಡರನ್ನಂತೂ ಕಾರಿನ ಹತ್ತಿರ ತರಲೇಬೇಡಿ. ಯಾಕೆ ಅಂತ ಗೊತ್ತಾದರೆ ಅಂಗಡಿಯಲ್ಲಿ ಯಾರು ಏನೇ ಹೇಳಿದರೂ ನೀವೇ ಅಳೆದು ನೋಡಬಹುದು.

ಮೆಷಿನ್ ಬಗ್ಗೆ ಮಾತಾಡುವ ಮೊದಲು ಪೇಂಟ್ ಬಗ್ಗೆ ಎರಡು ಮಾತು. ಇಂದಿನ ಕಾರುಗಳಲ್ಲಿ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್ ಇರುತ್ತದೆ. ಇವೆಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅದರಲ್ಲಿ ಕ್ಲಿಯರ್ ಕೋಟ್ ಪಾಲು ಸುಮಾರು 35ರಿಂದ 50 ಮೈಕ್ರಾನ್. ನೀವು ಬಿಸಿಲಲ್ಲಿ ನೋಡುವ ಗೀರುಗಳು ಇರುವುದು ಈ ಕ್ಲಿಯರ್ ಕೋಟಿನ ಮೇಲ್ಮೈಯಲ್ಲಿ. ಪಾಲಿಶ್ ಮಾಡುವುದು ಅಂದರೆ ಗೀರನ್ನು ತುಂಬುವುದಲ್ಲ. ಗೀರಿನ ಸುತ್ತಲ ಜಾಗವನ್ನೇ ಗೀರಿನ ತಳದ ಮಟ್ಟಕ್ಕೆ ತೇಯುವುದು. ತೇದು ಹೋದದ್ದು ಮತ್ತೆ ಬರುವುದಿಲ್ಲ. ಕ್ಲಿಯರ್ ಕೋಟ್ ತೂತಾದರೆ ಆ ಭಾಗಕ್ಕೆ ಹೊಸ ಪೇಂಟ್ ಒಂದೇ ದಾರಿ.

ಒಂದು ಸಲ ಸರಿಯಾಗಿ ಪಾಲಿಶ್ ಮಾಡಿದರೆ ಹೋಗುವುದು ಕೆಲವೇ ಮೈಕ್ರಾನ್. ಹಾಗಾಗಿ ಗಾಬರಿ ಬೇಡ. ಆದರೆ ಯಾವ ಮೆಷಿನ್ ಅಂತ ಯೋಚಿಸುವಾಗ ಈ ಅಂಕಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಎಷ್ಟು ಬೇಗ ತೇಯುತ್ತದೆ ಅನ್ನುವುದಕ್ಕಿಂತ, ಒಂದೇ ಜಾಗದಲ್ಲಿ ಜಾಸ್ತಿ ತೇಯದ ಹಾಗೆ ಎಷ್ಟು ಕಾಪಾಡುತ್ತದೆ ಅನ್ನುವುದೇ ನಿಮಗೆ ಮುಖ್ಯ.

ಈಗ ರೋಟರಿ. ಇದರಲ್ಲಿ ಪ್ಯಾಡ್ ಒಂದೇ ಅಚ್ಚಿನ ಮೇಲೆ ಗಿರಗಿರ ತಿರುಗುತ್ತದೆ. ವೇಗ ಸಾಮಾನ್ಯವಾಗಿ ನಿಮಿಷಕ್ಕೆ 600ರಿಂದ 3000 ಸುತ್ತು. 6 ಇಂಚಿನ, ಅಂದರೆ ಸುಮಾರು 150 ಎಂಎಂ ಪ್ಯಾಡನ್ನು 1500 ಆರ್‌ಪಿಎಂನಲ್ಲಿ ಓಡಿಸಿದರೆ, ಪ್ಯಾಡಿನ ಅಂಚು ಪೇಂಟ್ ಮೇಲೆ ಸೆಕೆಂಡಿಗೆ ಹೆಚ್ಚು ಕಡಿಮೆ 12 ಮೀಟರ್ ವೇಗದಲ್ಲಿ ಉಜ್ಜುತ್ತದೆ. ಅದೇ ಹೊತ್ತಿಗೆ ಪ್ಯಾಡಿನ ನಟ್ಟನಡುವೆ ವೇಗ ಸೊನ್ನೆ. ಅಂದರೆ ಒಂದೇ ಪ್ಯಾಡಿನ ಅಡಿಯಲ್ಲಿ ಒಂದು ಕಡೆ ಜೋರಾಗಿ ತೇಯುತ್ತದೆ, ಇನ್ನೊಂದು ಕಡೆ ತೇಯುವುದೇ ಇಲ್ಲ. ಮೆಷಿನನ್ನು ಸ್ವಲ್ಪ ವಾಲಿಸಿದರೆ ಒತ್ತಡವೆಲ್ಲ ಅಂಚಿಗೆ ಬೀಳುತ್ತದೆ. ಬಿಸಿ ಅಲ್ಲೇ ಕೂಡುತ್ತದೆ. ಬಾನೆಟ್‌ನ ಏಣು, ಬಾಗಿಲಿನ ಗೆರೆ, ಫೆಂಡರ್‌ನ ಅಂಚು, ಇಂಥ ಕಡೆ ಪೇಂಟ್ ಮೊದಲೇ ತೆಳ್ಳಗಿರುತ್ತದೆ. ಅಲ್ಲಿ ರೋಟರಿ ಒಂದೆರಡು ಕ್ಷಣ ಜಾಸ್ತಿ ನಿಂತರೂ ಕೆಲಸ ಕೆಟ್ಟಿತು. ಪ್ಲಾಸ್ಟಿಕ್ ಬಂಪರ್‌ನಲ್ಲಿ ಇನ್ನೂ ಕಷ್ಟ. ತಗಡು ಬಿಸಿಯನ್ನು ಸುತ್ತಲೂ ಹರಡುತ್ತದೆ, ಪ್ಲಾಸ್ಟಿಕ್ ಹರಡುವುದಿಲ್ಲ.

ಇದಲ್ಲದೆ ಪ್ಯಾಡ್ ಒಂದೇ ದಿಕ್ಕಿಗೆ ತಿರುಗುವುದರಿಂದ ಅದು ಬಿಡುವ ಸಣ್ಣ ಗುರುತುಗಳೂ ಒಂದೇ ದಿಕ್ಕಿಗೆ ಬೀಳುತ್ತವೆ. ಬಿಸಿಲಲ್ಲಿ ಅವು ಅಲೆ ಅಲೆಯಾಗಿ ಹೊಳೆಯುತ್ತವೆ. ಇದನ್ನೇ ಹೊಲೊಗ್ರಾಮ್ ಅನ್ನುತ್ತಾರೆ. ಕಪ್ಪು ಬಣ್ಣದಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ನಿಮ್ಮ ಕಾರು ಕಪ್ಪು. ರೋಟರಿ ಬೇಡ ಅನ್ನಲು ನನಗೆ ಇದೊಂದೇ ಕಾರಣ ಸಾಕು.

ಹಾಗಂತ ರೋಟರಿ ಕೆಟ್ಟ ಮೆಷಿನ್ ಅಲ್ಲ. ಹೊಸದಾಗಿ ಪೇಂಟ್ ಮಾಡಿದ ಮೇಲೆ ವೆಟ್ ಸ್ಯಾಂಡಿಂಗ್, ಅಂದರೆ ನೀರು ಹಾಕಿ ಮರಳು ಕಾಗದದಿಂದ ಉಜ್ಜಿದ ಗುರುತು ತೆಗೆಯಲು, ದಿನವಿಡೀ ಇದೇ ಕೆಲಸ ಮಾಡುವವರ ಕೈಯಲ್ಲಿ, ಅದಕ್ಕೆ ಸಾಟಿ ಕಡಿಮೆ. ಆದರೆ ಅವರೂ ಎಷ್ಟೋ ಸಲ ಕೊನೆಗೆ ಡ್ಯುಯಲ್ ಆಕ್ಷನ್ ಮೆಷಿನ್ನಿಂದಲೇ ಮುಗಿಸುತ್ತಾರೆ, ಹೊಲೊಗ್ರಾಮ್ ತೆಗೆಯಲಿಕ್ಕೆ.

ಗ್ರೈಂಡರ್ ವಿಷಯ ಇಲ್ಲೇ ಮುಗಿಸುತ್ತೇನೆ. ಸಣ್ಣ ಆ್ಯಂಗಲ್ ಗ್ರೈಂಡರ್ ಓಡುವುದು ನಿಮಿಷಕ್ಕೆ 10,000 ಸುತ್ತಿಗೂ ಮೇಲೆ. ಪಾಲಿಶ್ ಪ್ಯಾಡಿನ ವೆಲ್ಕ್ರೋ, ಅಂಟು, ಫೋಮ್ ಯಾವುದನ್ನೂ ಆ ವೇಗಕ್ಕೆ ಮಾಡಿರುವುದಿಲ್ಲ. ಪ್ಯಾಡ್ ಹಾರಿ ಬಂದು ಮುಖಕ್ಕೆ ಬಡಿಯಬಹುದು. ಪೇಂಟ್ ಸುಡುವುದು ಆಮೇಲಿನ ಮಾತು. ಡ್ರಿಲ್ಲಿಗೆ ಹಾಕುವ ಪ್ಯಾಡ್ ಹೆಡ್‌ಲೈಟಿನ ಮಬ್ಬು ತೆಗೆಯಲು ಪರವಾಗಿಲ್ಲ. ಇಡೀ ಕಾರಿಗೆ ಬೇಡ. ಡ್ರಿಲ್ಲನ್ನು ಸಮವಾಗಿ ಹಿಡಿಯಲು ಆಗುವುದಿಲ್ಲ, ಮತ್ತೆ ಅದೂ ಒಂದು ರೋಟರಿಯೇ.

ಇನ್ನು ಡ್ಯುಯಲ್ ಆಕ್ಷನ್. ಚಿಕ್ಕದಾಗಿ ಡಿಎ ಅನ್ನುತ್ತಾರೆ. ಇದರಲ್ಲಿ ಪ್ಯಾಡಿಗೆ ಎರಡು ಚಲನೆ. ಒಂದು, ಇಡೀ ಪ್ಯಾಡ್ ಸಣ್ಣ ಸುತ್ತಿನಲ್ಲಿ ಓಡುತ್ತದೆ. ಪಾತ್ರೆ ಉಜ್ಜುವಾಗ ನಮ್ಮ ಕೈ ಓಡುತ್ತದಲ್ಲ, ಹಾಗೆ. ಕೈ ಸುತ್ತು ಹೊಡೆಯುತ್ತದೆ, ಆದರೆ ಅಂಗೈ ತನ್ನಷ್ಟಕ್ಕೆ ತಾನು ತಿರುಗುವುದಿಲ್ಲ. ಎರಡನೆಯದು, ಆ ಸುತ್ತಾಟದ ರಭಸಕ್ಕೆ ಪ್ಯಾಡ್ ತನ್ನ ಬೇರಿಂಗಿನ ಮೇಲೆ ನಿಧಾನವಾಗಿ ತಿರುಗಲೂ ತೊಡಗುತ್ತದೆ. ಮೊದಲನೆಯದನ್ನು ಮೋಟಾರ್ ಮಾಡಿಸುತ್ತದೆ. ಎರಡನೆಯದು ತಾನಾಗಿ ಆಗುತ್ತದೆ. ಜೋರಾಗಿ ಒತ್ತಿದರೆ ಈ ಎರಡನೆಯ ತಿರುಗಾಟ ನಿಂತುಹೋಗುತ್ತದೆ. ನಿಮ್ಮ ಪೇಂಟನ್ನು ಕಾಪಾಡುವುದು ಇದೇ ಗುಣ. ತಪ್ಪಿ ಒಂದು ಅಂಚಿಗೆ ಒತ್ತಿ ಹಿಡಿದರೂ ಪ್ಯಾಡ್ ನಿಲ್ಲುತ್ತದೆ, ರೋಟರಿಯ ಹಾಗೆ ಕೊರೆಯುತ್ತಾ ಹೋಗುವುದಿಲ್ಲ. ಡಿಎಯಿಂದ ಪೇಂಟ್ ಹಾಳು ಮಾಡಲು ಆಗುವುದೇ ಇಲ್ಲ ಅಂತಲ್ಲ. ಏಣಿನ ಮೇಲೆ ಹಟ ಹಿಡಿದು ಉಜ್ಜಿದರೆ ಇದರಲ್ಲೂ ತೂತಾಗುತ್ತದೆ. ಆದರೆ ತಿದ್ದಿಕೊಳ್ಳಲು ಸಮಯ ಸಿಗುತ್ತದೆ.

ನೀವು ಕೇಳಿದ 8, 15, 21 ಎಂಎಂ ಅನ್ನುವುದು ಆ ಸಣ್ಣ ಸುತ್ತಿನ ಅಗಲ. ಇದಕ್ಕೆ ಥ್ರೋ ಅನ್ನುತ್ತಾರೆ. ಲೆಕ್ಕ ಸುಲಭ. ನಿಮಿಷಕ್ಕೆ 4500 ಸುತ್ತಿನಲ್ಲಿ 8 ಎಂಎಂ ಥ್ರೋ ಇರುವ ಪ್ಯಾಡ್ ಸೆಕೆಂಡಿಗೆ ಸುಮಾರು 1.9 ಮೀಟರ್ ಉಜ್ಜುತ್ತದೆ. 15 ಎಂಎಂ ಆದರೆ 3.5 ಮೀಟರ್. 21 ಎಂಎಂ ಆದರೆ ಸುಮಾರು 5 ಮೀಟರ್. ಗಮನಿಸಿ, ಇದು ಪ್ಯಾಡಿನ ಅಡಿಯಲ್ಲಿ ಎಲ್ಲ ಕಡೆಯೂ ಸಿಗುವ ವೇಗ. ನಡುವೆ ಸೊನ್ನೆ, ಅಂಚಿಗೆ 12 ಅನ್ನುವ ರೋಟರಿಯ ತರಹ ಅಲ್ಲ. ಥ್ರೋ ಜಾಸ್ತಿಯಾದಷ್ಟೂ ಅದೇ ಹೊತ್ತಿನಲ್ಲಿ ಕೆಲಸ ಜಾಸ್ತಿ ಆಗುತ್ತದೆ ಅನ್ನುವುದು ಈ ಲೆಕ್ಕದಿಂದಲೇ ಗೊತ್ತಾಗುತ್ತದೆ. ಹಿಂದೆ ಪೋರ್ಟರ್ ಕೇಬಲ್‌ನ 7424 ಮಾದರಿಯಂತಹ 8 ಎಂಎಂ ಮೆಷಿನ್‌ಗಳೇ ಹವ್ಯಾಸಿಗಳ ಕೈಯಲ್ಲಿ ಇರುತ್ತಿದ್ದವು. ಗಟ್ಟಿ ಪೇಂಟ್ ಆದರೆ ಅವುಗಳಲ್ಲಿ ತುಂಬಾ ಹೊತ್ತು ಹಿಡಿಯುತ್ತಿತ್ತು. ಇಟಲಿಯ ರೂಪೆಸ್ ಕಂಪನಿ 15 ಮತ್ತು 21 ಎಂಎಂ ಥ್ರೋದ ಬಿಗ್‌ಫುಟ್ ಮೆಷಿನ್‌ಗಳನ್ನು ತಂದ ಮೇಲೆ ಲಾಂಗ್ ಥ್ರೋ ಅನ್ನುವ ಮಾತು ಎಲ್ಲರ ಬಾಯಲ್ಲೂ ಬಂತು. ಈಗ ಬೇರೆ ಬೇರೆ ಕಂಪನಿಗಳಲ್ಲೂ ಇಂಥವು ಸಿಗುತ್ತವೆ.

ಹಾಗಾದರೆ 21 ಎಂಎಂ ಯಾಕೆ ಬೇಡ? ಅದು ದೊಡ್ಡ, ಚಪ್ಪಟೆ ಜಾಗದ ಮೆಷಿನ್. ಸಾಮಾನ್ಯವಾಗಿ 6 ಇಂಚಿನ ಪ್ಲೇಟ್ ಹಾಕಿಕೊಂಡು ಬರುತ್ತದೆ. ವ್ಯಾನಿನ ಮೈ, ದೊಡ್ಡ ಕಾರಿನ ಬಾನೆಟ್, ಛಾವಣಿ ಇವುಗಳಲ್ಲಿ ಬಹಳ ಚೆನ್ನ. ಆದರೆ ಕಾರಿನ ಮೈ ಎಲ್ಲಿ ಬಾಗಿದೆಯೋ ಅಲ್ಲಿ ಪ್ಯಾಡಿನ ಒಂದು ಬದಿ ಮಾತ್ರ ತಾಗುತ್ತದೆ. ಆಗ ತಿರುಗಾಟ ನಿಲ್ಲುತ್ತದೆ. ತಿರುಗಾಟ ನಿಂತರೆ ಗೀರು ತೆಗೆಯುವ ಕೆಲಸವೂ ಹೆಚ್ಚು ಕಡಿಮೆ ನಿಂತ ಹಾಗೆ. ಮೆಷಿನ್ ಸುಮ್ನೆ ನಡುಗುತ್ತಾ ಇರುತ್ತದೆ, ಗೀರು ಹಾಗೇ ಉಳಿಯುತ್ತದೆ. ಹೊಸಬರು ಪಾಲಿಶ್ ಸರಿಯಿಲ್ಲ ಅಂದುಕೊಂಡು ಇನ್ನೂ ಖಾರವಾದ ಕಾಂಪೌಂಡ್, ಅಂದರೆ ಜೋರಾಗಿ ತೇಯುವ ಪಾಲಿಶ್ ತರುತ್ತಾರೆ. ನಿಜವಾದ ತೊಂದರೆ ಪ್ಯಾಡ್ ನಿಂತಿರುವುದು. ಇದನ್ನು ಹಿಡಿಯಲು ಒಂದು ಸುಲಭ ಉಪಾಯ ಇದೆ. ಬ್ಯಾಕಿಂಗ್ ಪ್ಲೇಟಿನ ಅಂಚಿಗೆ ಮಾರ್ಕರ್ ಪೆನ್ನಿನಿಂದ ದಪ್ಪ ಗೆರೆ ಎಳೆಯಿರಿ. ಮೆಷಿನ್ ಓಡುವಾಗ ಆ ಗೆರೆ ಸುತ್ತುತ್ತಿದ್ದರೆ ಸರಿ. ಒಂದೇ ಕಡೆ ನಿಂತಂತೆ ಕಂಡರೆ ಒತ್ತಡ ಕಡಿಮೆ ಮಾಡಿ, ಇಲ್ಲವೇ ಪ್ಯಾಡನ್ನು ಮೇಲ್ಮೈಗೆ ಸಮವಾಗಿ ಕೂರಿಸಿ.

ಹೀಗೆ ನಿಲ್ಲದಿರಲಿ ಅಂತಲೇ ಗೇರ್ ಇಟ್ಟು ಎರಡೂ ಚಲನೆಗಳನ್ನು ಮೋಟಾರಿನಿಂದಲೇ ಮಾಡಿಸುವ ಡಿಎಗಳಿವೆ. ಜರ್ಮನಿಯ ಫ್ಲೆಕ್ಸ್ ಕಂಪನಿಯ 3401 ಇದಕ್ಕೆ ಹೆಸರಾದದ್ದು. ಅದರ ಥ್ರೋ 8 ಎಂಎಂ. ಮಕಿತಾದ ಪಿಒ5000ಸಿಯಲ್ಲಿ 5.5 ಎಂಎಂ ಥ್ರೋ, ಗೇರ್ ಇರುವ ಮತ್ತು ಇಲ್ಲದ ಎರಡು ಬಗೆಯನ್ನೂ ಒಂದು ಗುಂಡಿ ತಿರುಗಿಸಿ ಆರಿಸಬಹುದು. ಬಾಗಿದ ಮೈಯಲ್ಲಿ ಇವು ನಿಲ್ಲದೆ ಓಡುತ್ತವೆ, ಗಟ್ಟಿ ಪೇಂಟಿಗೆ ಒಳ್ಳೆಯವು. ಆದರೆ ಆ ನಿಲ್ಲುವ ಗುಣವೇ ಹೊಸಬರ ಕಾವಲು ಅಂದೆನಲ್ಲ, ಅದು ಇವುಗಳಲ್ಲಿ ಇಲ್ಲ. ಬಿಸಿಯೂ ಜಾಸ್ತಿ. ಕೈಯಲ್ಲಿ ಎಳೆದಾಟವೂ ಇರುತ್ತದೆ. ಎರಡನೆಯ ಮೆಷಿನ್ ಆಗಿ ಯೋಚಿಸಿ, ಮೊದಲನೆಯದಾಗಿ ಬೇಡ.

ಪ್ಲೇಟಿನ ಅಳತೆಯ ಬಗ್ಗೆ ಜನ ಅಷ್ಟಾಗಿ ಕೇಳುವುದಿಲ್ಲ. ನನ್ನ ಪ್ರಕಾರ ಥ್ರೋದಷ್ಟೇ ಮುಖ್ಯ ಅದು. ನಿಮ್ಮ ಕಾರಿನ ಪಕ್ಕ ಒಮ್ಮೆ ನಿಂತು ನೋಡಿ. ಬಾಗಿಲಿನ ಹಿಡಿಯ ಕೆಳಗೆ, ಬಂಪರ್‌ನಲ್ಲಿ, ಕಿಟಕಿಗಳ ನಡುವಿನ ಪಿಲ್ಲರ್‌ನಲ್ಲಿ, ನಂಬರ್ ಪ್ಲೇಟ್ ಸುತ್ತ ಚಪ್ಪಟೆ ಜಾಗ ಎಷ್ಟಿದೆ? ಒಂದು ಅಂಗೈ ಅಗಲವೂ ಇರುವುದಿಲ್ಲ. 5 ಇಂಚಿನ ಪ್ಲೇಟಿಗೆ ಐದೂವರೆ ಇಂಚಿನ ಪ್ಯಾಡ್ ಹಾಕಿದರೆ ಕಾರಿನ ಬಹುಪಾಲು ಜಾಗಕ್ಕೆ ಹೋಗುತ್ತದೆ. ಪ್ಯಾಡ್ ಯಾವಾಗಲೂ ಪ್ಲೇಟಿಗಿಂತ ಸ್ವಲ್ಪ ದೊಡ್ಡದಿರಲಿ. ಇಲ್ಲದಿದ್ದರೆ ಪ್ಲೇಟಿನ ಗಟ್ಟಿ ಅಂಚು ಪೇಂಟಿಗೆ ಬಡಿಯುತ್ತದೆ. ಉಳಿದ ಇಕ್ಕಟ್ಟಿನ ಜಾಗಗಳಿಗೆ 3 ಇಂಚಿನ ಸಣ್ಣ ಮೆಷಿನ್ ಬೇರೆ ಬರುತ್ತದೆ. ಅದನ್ನು ಈಗಲೇ ಕೊಳ್ಳಬೇಕಿಲ್ಲ. ಆ ಜಾಗಗಳನ್ನು ಕೈಯಲ್ಲೇ ಉಜ್ಜಿ ಎಷ್ಟು ಸುಧಾರಿಸುತ್ತದೆ ನೋಡಿ.

ದೊಡ್ಡ ಮೆಷಿನ್ನಿಗೆ ಚಿಕ್ಕ ಪ್ಲೇಟ್ ಹಾಕಿಕೊಂಡರೆ ಆಯ್ತಲ್ವಾ ಅಂತ ಅನಿಸಬಹುದು. ಕೆಲವು ಮೆಷಿನ್‌ಗಳಿಗೆ ಆಗುತ್ತದೆ, ಎಲ್ಲಕ್ಕೂ ಅಲ್ಲ. ಪ್ಯಾಡ್ ನಡುವಿನಿಂದ ಆಚೆ ಓಡುವುದರಿಂದ ಆ ತೂಕವನ್ನು ಸರಿದೂಗಿಸಲು ಒಳಗೆ ಎದುರು ತೂಕ ಇಟ್ಟಿರುತ್ತಾರೆ. ಅದನ್ನು ಲೆಕ್ಕ ಹಾಕಿರುವುದು ಜೊತೆಗೆ ಕೊಟ್ಟ ಪ್ಲೇಟಿನ ತೂಕಕ್ಕೆ. ಬೇರೆ ತೂಕದ ಪ್ಲೇಟ್ ಹಾಕಿದರೆ ನಡುಕ ಜಾಸ್ತಿಯಾಗುತ್ತದೆ. ಒಂದು ಕಾರಿಗೆ ಗಂಟೆಗಟ್ಟಲೆ ಹಿಡಿಯುವ ಕೆಲಸ ಇದು. ನಡುಕ ಜಾಸ್ತಿ ಇದ್ದರೆ ಬೆರಳು ಜೋಮು ಹಿಡಿಯುತ್ತದೆ. ದಿನವೂ ಹೀಗೇ ಆದರೆ ಬೆರಳಿನ ರಕ್ತನಾಳ, ನರಗಳಿಗೂ ತೊಂದರೆ. ಅದಕ್ಕೇ ಹೇಳುವುದು, ಸಾಧ್ಯವಾದರೆ ಮೆಷಿನನ್ನು ಓಡಿಸಿ, ಕೈಯಲ್ಲಿ ಹಿಡಿದು ನೋಡಿ ಕೊಳ್ಳಿ. ಹಾಗೆ ನೋಡುವಾಗ ಪ್ಯಾಡನ್ನು ಗಾಳಿಯಲ್ಲಿ ಪೂರ್ತಿ ವೇಗದಲ್ಲಿ ಓಡಿಸಬೇಡಿ. ಯಾವುದಾದರೂ ಮೇಲ್ಮೈಗೆ ಒತ್ತಿ ಓಡಿಸಿದಾಗಲೇ ನಿಜವಾದ ನಡುಕ ತಿಳಿಯುವುದು.

ವ್ಯಾಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆಯುವುದು ಅದನ್ನೇ, ಕೆಲಸದಲ್ಲಿ ನಿಮಗೆ ಅಷ್ಟಾಗಿ ತಿಳಿಯದಿರುವುದೂ ಅದೇ. 5 ಇಂಚಿನ ಡಿಎಗೆ 500 ವ್ಯಾಟ್ ಆಸುಪಾಸು ಇದ್ದರೂ ನಡೆಯುತ್ತದೆ. ಅದಕ್ಕಿಂತ ಮುಖ್ಯವಾದದ್ದು ಒತ್ತಿದಾಗ ವೇಗ ಬೀಳದಂತೆ ನೋಡಿಕೊಳ್ಳುವ ಎಲೆಕ್ಟ್ರಾನಿಕ್ ನಿಯಂತ್ರಣ. ಇದು ಇಲ್ಲದ ಸಾವಿರ ವ್ಯಾಟ್ ಮೆಷಿನ್ನಿಗಿಂತ, ಇದು ಇರುವ ಚಿಕ್ಕ ಮೆಷಿನ್ ಒಳ್ಳೆಯದು. ಸ್ವಿಚ್ ಒತ್ತಿದ ಕೂಡಲೇ ಜಿಗಿಯದೆ ನಿಧಾನವಾಗಿ ವೇಗ ಏರಿಸುವ ಸಾಫ್ಟ್ ಸ್ಟಾರ್ಟ್ ಇರಲಿ. ಇಲ್ಲದಿದ್ದರೆ ಮೊದಲ ಕ್ಷಣಕ್ಕೇ ಪಾಲಿಶ್ ಕಿಟಕಿಗೆಲ್ಲ ಸಿಡಿಯುತ್ತದೆ. ತೂಕ ಎರಡು, ಎರಡೂವರೆ ಕಿಲೋ ಒಳಗಿದ್ದರೆ ಬಾಗಿಲಿನ ಮೈಗೆ ಅಡ್ಡ ಹಿಡಿದಾಗ ಕೈ ಸೋಲುವುದಿಲ್ಲ. ಬ್ಯಾಟರಿ ಮೆಷಿನ್‌ಗಳು ಈಗ ಚೆನ್ನಾಗಿವೆ, ವೈರಿನ ಕಾಟ ಇಲ್ಲ. ಆದರೆ ಇಡೀ ಕಾರು ಮುಗಿಸಲು ಒಂದೆರಡು ಬ್ಯಾಟರಿ ಸಾಕಾಗುವುದಿಲ್ಲ. ಅದೇ ಕಂಪನಿಯ ಬ್ಯಾಟರಿಗಳು ಮೊದಲೇ ಮನೆಯಲ್ಲಿ ಇದ್ದರೆ ಮಾತ್ರ ಆ ಕಡೆ ನೋಡಿ. ಇಲ್ಲದಿದ್ದರೆ ವೈರಿನದ್ದೇ ಸರಿ, ವೈರನ್ನು ಹೆಗಲ ಮೇಲಿಂದ ಹಿಂದಕ್ಕೆ ಹಾಕಿಕೊಂಡರೆ ಪೇಂಟಿಗೆ ಉಜ್ಜುವುದಿಲ್ಲ.

ಇನ್ನೊಂದು ಎಚ್ಚರಿಕೆ. ಎರಡು ಕೈಯಲ್ಲಿ ಹಿಡಿಯುವ, ದೊಡ್ಡ ತಟ್ಟೆಯಂತಹ, ಬಟ್ಟೆಯ ಟೋಪಿ ಹಾಕುವ ಅಗ್ಗದ ಮೆಷಿನ್‌ಗಳು ಪಾಲಿಶರ್ ಅನ್ನುವ ಹೆಸರಲ್ಲೇ ಸಿಗುತ್ತವೆ. ಅವು ವ್ಯಾಕ್ಸ್ ಹರಡಲು ಇರುವವು. ಗೀರು ತೆಗೆಯುವ ಶಕ್ತಿ ಅವುಗಳಲ್ಲಿ ಇಲ್ಲ.

ಮೆಷಿನ್ನಿಗೆ ಇಟ್ಟ ಹಣದಲ್ಲಿ ಒಂದು ಪಾಲನ್ನು ಪ್ಯಾಡುಗಳಿಗೆ ಉಳಿಸಿಕೊಳ್ಳಿ ಅಂತ ನಾನು ಒತ್ತಿ ಹೇಳುತ್ತೇನೆ. ಮಧ್ಯಮ ಮೆಷಿನ್ನಿಗೆ ಒಳ್ಳೆಯ ಪ್ಯಾಡ್ ಹಾಕಿದರೆ ಬರುವ ಫಲ, ದುಬಾರಿ ಮೆಷಿನ್ನಿಗೆ ಒಂದೇ ಒಂದು ಕೊಳೆಯಾದ ಪ್ಯಾಡ್ ಹಾಕಿದರೆ ಬರುವುದಿಲ್ಲ. ತೇದ ಕ್ಲಿಯರ್ ಕೋಟ್ ಮತ್ತು ಒಣಗಿದ ಪಾಲಿಶ್ ಪ್ಯಾಡಿನಲ್ಲೇ ಸೇರಿಕೊಳ್ಳುತ್ತವೆ. ಆಮೇಲೆ ಆ ಪ್ಯಾಡೇ ಹೊಸ ಗೀರು ಹಾಕುತ್ತದೆ. ಜೊತೆಗೆ ಪ್ಯಾಡ್ ಬಿಸಿಯಾಗಿ ನಡುವೆ ಮೆತ್ತಗಾಗುತ್ತದೆ, ಲಾಂಗ್ ಥ್ರೋ ಮೆಷಿನ್‌ಗಳಲ್ಲಿ ಬೇಗ ಆಗುತ್ತದೆ. ಒಂದು ಕಾರಿಗೆ ಮಧ್ಯಮ ಗಡಸಿನ ಫೋಮ್ ಪ್ಯಾಡ್ ನಾಲ್ಕಾದರೂ, ಮುಗಿಸಲು ಮೆತ್ತನೆಯವು ಎರಡು ಮೂರು ಇರಲಿ. ಮೈಕ್ರೋಫೈಬರ್ ಪ್ಯಾಡ್ ಪೇಂಟನ್ನು ಬೇಗ ತೇಯುತ್ತದೆ, ಆದರೆ ಮೆತ್ತನೆಯ ಪೇಂಟಿನಲ್ಲಿ ಮಬ್ಬು ಬಿಡುತ್ತದೆ. ಕಪ್ಪಿಗೆ ಫೋಮ್‌ನಿಂದ ಶುರು ಮಾಡಿ. ಒಂದು ಭಾಗ ಮುಗಿದ ಮೇಲೆಲ್ಲ ಪ್ಯಾಡಿನ ಮುಖವನ್ನು ಬ್ರಷ್‌ನಿಂದ ಉಜ್ಜಿ. ಇನ್ನೊಂದು ಪಾಲು ಒಳ್ಳೆಯ ಎಲ್‌ಇಡಿ ಟಾರ್ಚಿಗೆ. ಗೀರು ಕಾಣದೆ ತೆಗೆಯುವುದು ಹೇಗೆ?

ಮೆಷಿನ್ ಬಂದ ದಿನವೇ ಇಡೀ ಕಾರಿಗೆ ಕೈ ಹಾಕಬೇಡಿ. ಚೆನ್ನಾಗಿ ತೊಳೆದು, ಒಣಗಿಸಿ, ನೆರಳಲ್ಲಿ ನಿಲ್ಲಿಸಿ. ಏಣುಗಳಿಗೆ, ರಬ್ಬರ್ ಪಟ್ಟಿಗಳಿಗೆ ಮಾಸ್ಕಿಂಗ್ ಟೇಪ್ ಹಚ್ಚಿ. ಬಾನೆಟ್‌ನ ಚಪ್ಪಟೆ ಭಾಗದಲ್ಲಿ ಒಂದೂವರೆ ಅಡಿ ಚೌಕದ ಜಾಗ ಆರಿಸಿಕೊಳ್ಳಿ. ಮೆತ್ತನೆಯ ಪ್ಯಾಡ್, ಕಡಿಮೆ ಖಾರದ ಪಾಲಿಶ್, ಬಟಾಣಿ ಗಾತ್ರದ ನಾಲ್ಕೈದು ಹನಿ. ಮೊದಲು ಕಡಿಮೆ ವೇಗದಲ್ಲಿ ಹರಡಿ. ಆಮೇಲೆ ಡಯಲ್ 4 ಅಥವಾ 5ಕ್ಕೆ ಏರಿಸಿ, ಸೆಕೆಂಡಿಗೆ ಒಂದು ಇಂಚಿನಷ್ಟು ನಿಧಾನವಾಗಿ ಸರಿಸಿ. ಪ್ರತಿ ಸಾಲು ಹಿಂದಿನ ಸಾಲಿನ ಅರ್ಧವನ್ನು ಮುಚ್ಚಲಿ. ಅಡ್ಡ ಒಮ್ಮೆ, ಉದ್ದ ಒಮ್ಮೆ, ಮತ್ತೆ ಅಡ್ಡ, ಮತ್ತೆ ಉದ್ದ. ಒರೆಸಿ. ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ನೀರು ಬೆರೆಸಿ ಇನ್ನೊಮ್ಮೆ ಒರೆಸಿ, ಯಾಕೆಂದರೆ ಪಾಲಿಶ್‌ನ ಎಣ್ಣೆ ಗೀರನ್ನು ಮುಚ್ಚಿ ನಮ್ಮ ಕಣ್ಣಿಗೆ ಮೋಸ ಮಾಡುತ್ತದೆ. ಟಾರ್ಚ್ ಹಿಡಿದು ನೋಡಿ. ಸಾಕಷ್ಟು ಹೋಗಿದ್ದರೆ ಇಡೀ ಕಾರಿಗೆ ಇದೇ ಜೋಡಿ. ಹೋಗಿಲ್ಲದಿದ್ದರೆ ಮೊದಲು ಪ್ಯಾಡ್ ಗಡಸಿನದು ಹಾಕಿ, ಆಗಲೂ ಹೋಗದಿದ್ದರೆ ಮಾತ್ರ ಪಾಲಿಶ್ ಬದಲಿಸಿ. ಉಗುರು ಎಳೆದಾಗ ಸಿಕ್ಕಿಕೊಳ್ಳುವಷ್ಟು ಆಳದ ಗೀರನ್ನು ಬಿಟ್ಟುಬಿಡಿ. ಅದನ್ನು ಪೂರ್ತಿ ತೆಗೆಯಲು ಹೊರಟರೆ ಕ್ಲಿಯರ್ ಕೋಟ್ ಉಳಿಯುವುದಿಲ್ಲ.

ಕಾರು ಎಂದಾದರೂ ಎಲ್ಲಾದರೂ ಮತ್ತೆ ಪೇಂಟ್ ಆಗಿದೆಯೋ ಗೊತ್ತಿಲ್ಲದಿದ್ದರೆ ಪೇಂಟ್ ದಪ್ಪ ಅಳೆಯುವ ಗೇಜ್ ಯಾರಿಂದಲಾದರೂ ತಂದು ನೋಡಿ. ಅದು ತೋರಿಸುವುದು ಎಲ್ಲ ಪದರ ಸೇರಿದ ಅಳತೆ, ಕ್ಲಿಯರ್ ಕೋಟ್ ಒಂದರದ್ದಲ್ಲ. ಆದರೂ ಒಂದು ಬಾಗಿಲು 120, ಪಕ್ಕದ್ದು 80 ಅಂತ ತೋರಿಸಿದರೆ ಆ ಪಕ್ಕದ್ದನ್ನು ಹಗುರವಾಗಿ ಮುಟ್ಟಬೇಕು ಅಂತ ತಿಳಿಯುತ್ತದೆ. ಪ್ಲಾಸ್ಟಿಕ್ ಬಂಪರ್ ಮೇಲೆ ಸಾಮಾನ್ಯ ಗೇಜ್ ಓದುವುದಿಲ್ಲ. ಅಲ್ಲಿ ಅಂಗೈ ಇಟ್ಟು ಬಿಸಿ ನೋಡುತ್ತಾ ಇರಿ, ಕೈ ಇಡಲು ಕಷ್ಟವಾದರೆ ನಿಲ್ಲಿಸಿ.

ಕೊನೆಗೆ ಎರಡು ಮೆಷಿನ್ ನಡುವೆ ಮನಸ್ಸು ತೂಗಾಡಿದರೆ, ಬಿಡಿ ಭಾಗ ಯಾವುದಕ್ಕೆ ಸಿಗುತ್ತದೆ ಅಂತ ಕೇಳಿ. ಬ್ಯಾಕಿಂಗ್ ಪ್ಲೇಟಿನ ವೆಲ್ಕ್ರೋ ಬಿಸಿಗೆ ಸವೆದು ಒಂದು ದಿನ ಪ್ಯಾಡ್ ಹಿಡಿಯುವುದನ್ನು ಬಿಡುತ್ತದೆ. ಮೋಟಾರಿನ ಕಾರ್ಬನ್ ಬ್ರಷ್‌ಗಳೂ ಸವೆಯುತ್ತವೆ. ಇವೆರಡನ್ನೂ ಬದಲಿಸುವುದು ಸುಲಭದ ಕೆಲಸ, ಸಿಕ್ಕರೆ. ಮೆಷಿನ್ ಜೊತೆಗೇ ಒಂದು ಹೆಚ್ಚುವರಿ ಪ್ಲೇಟ್ ತೆಗೆದಿಟ್ಟುಕೊಳ್ಳಿ. ಪ್ಲೇಟ್ ಬದಲಿಸುವಾಗ ಅದಕ್ಕೂ ಅಚ್ಚಿಗೂ ನಡುವೆ ಇದ್ದ ವಾಷರನ್ನು ಮರೆಯದೆ ವಾಪಸ್ ಹಾಕಿ. ಅದು ಇಲ್ಲದಿದ್ದರೆ ಪ್ಲೇಟ್ ಮೆಷಿನ್ನಿನ ರಬ್ಬರಿಗೆ ಉಜ್ಜಿ ತಿರುಗುವುದೇ ನಿಲ್ಲಬಹುದು. ಮತ್ತೆ ಪ್ಯಾಡ್ ಬದಲಿಸುವಾಗಲೂ ಪ್ಲೇಟ್ ಬಿಚ್ಚುವಾಗಲೂ ಪ್ಲಗ್ ಕಿತ್ತೇ ಇರಲಿ.